ಶಾಂಪೇನಿಗೆ ಅದ್ದಿದ ರೇಷ್ಮೆ ಎಳೆ

ಕೊಳ್ಳೇಗಾಲ,
1950ನೇ ಇಸವಿ ಮಾರ್ಚಿ 9

ಇಂದ,
ಬಣ್ಣಗಾರ ಚೌಡಯ್ಯ, ವಯಸ್ಸು ಐವತ್ತು,
ರೇಷ್ಮೆಗೆ ಬಣ್ಣ ಹಾಕುವ ಕಸಬು,
ದೇವಾಂಗ ಪೇಟೆ, ಕೊಳ್ಳೇಗಾಲ,
ಕೊಯಮತ್ತೂರು ಜಿಲ್ಲೆ, ಮದರಾಸು ರಾಜ್ಯ.

ಗೆ,
ಮಹಾರಾಜಶ್ರೀ ಕಪ್ತಾನ್ ಸಾಹೇಬರು,
ಪೆಂಬರ್ಟನ್ ದೊರೆಗಳು ಹತ್ತಲಿರುವ ದೊಡ್ಡ ಹಡಗು,
(ಹಡಗಿನ ಹೆಸರನ್ನು ಬಟ್ಲರ್ ಮಾದಸ್ವಾಮಿ ಎರಡು ಸಲ ಎರಡು ಬಗೆಯಾಗಿ ಹೇಳಿದ ಕಾರಣ ಬರೆದಿಲ್ಲ)
ಬೊಂಬಾಯಿ ಬಂದರು.

ವಿಷಯ: ನಾನು ಆರಿಸಿ ಕಳುಹಿಸಿದ ವೈನು ಹಾಗೂ ಶಾಂಪೇನು ಸೀಸೆಗಳು ಒಂದು ಬೆರಳಷ್ಟೂ ಕಡಿಮೆಯಾಗದೆ ಹಡಗು ಸೇರಿದವು ಎಂಬುದಕ್ಕೆ ಸರ್ಟಿಫಿಕೇಟು ಕೋರಿ. (ಈ ವಿಷಯ ಕಲಂ 10ರಲ್ಲಿ ಬದಲಾಗಿದೆ. ಕಾಗದ ಹಾಳಾಗಬಾರದೆಂದು ಮೊದಲಿನದನ್ನು ಹೊಡೆದು ಹಾಕಿಲ್ಲ.)

ಉಲ್ಲೇಖ: (ಅ) ನನ್ನ ಹೆಂಡತಿ ರಂಗಮ್ಮ ಸಂಕ್ರಾಂತಿಯಾದ ಎರಡನೇ ದಿನ ಟ್ರಂಕು ಹಿಡಿದು ಹೊಸ್ತಿಲಲ್ಲಿ ಆಡಿದ ಮಾತು.
(ಆ) ಯಳಂದೂರು ತಾಲ್ಲೂಕು ಅಗರದಲ್ಲಿರುವ ಆಕೆಯ ಅಣ್ಣ ದೇವಣ್ಣ ಬಾಯಲ್ಲೇ ಕೊಟ್ಟ ನೋಟೀಸು.

ಮಾನ್ಯರೇ,

ಕೆಳಗೆ ರುಜು ಮಾಡಿರುವ ನಾನು ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಹೆಂಡತಿ ತೌರಿಗೆ ಹೋಗಿ ಇಂದಿಗೆ ಐವತ್ತೆರಡು ದಿನವಾಯಿತು. ಆಕೆ ವಾಪಸು ಬರುವುದು ತಮ್ಮ ಕೈಯಲ್ಲಿದೆ. ಕಂಡವರ ಸಂಸಾರದ ರಗಳೆ ಸಮುದ್ರದ ಮೇಲಿರುವ ನನಗೇಕೆ ಎಂದು ತಾವು ಕೇಳಬಹುದು. ಆ ಕಾರಣಗಳನ್ನೇ ಕಲಮುವಾರು ಬರೆದಿದ್ದೇನೆ. ಮೊದಲು ಪೇಟೆಯ ಅರ್ಜಿ ಬರೆಯುವವರ ಬಳಿ ಹೋಗಿದ್ದೆ. ಎರಡನೇ ಕಲಮಿಗೇ ಅವರು ಲೇಖನಿ ಕೆಳಗಿಟ್ಟು ನಗಲು ಕೂತ ಕಾರಣ, ಎದ್ದು ಬಂದು ನಾನೇ ಬರೆಯುತ್ತಿದ್ದೇನೆ. ನಗುವಂಥದ್ದು ಇದರಲ್ಲಿ ಏನೂ ಇಲ್ಲ.

1. ನಾನು ಇಂದಿನವರೆಗೆ ಹೆಂಡ, ಸಾರಾಯಿ, ವೈನು, ಶಾಂಪೇನು ಯಾವುದನ್ನೂ ನಾಲಿಗೆಗೆ ಸೋಕಿಸಿದವನಲ್ಲ. ನನ್ನ ತಂದೆ ಸೋಕಿಸಿದ್ದರು. ಎರಡು ಮಗ್ಗ ಅದರಲ್ಲೇ ಹೋದವು. ಆದ್ದರಿಂದ ನನಗೆ ಹೆಣ್ಣು ಕೊಡುವಾಗ ರಂಗಮ್ಮನ ತಾಯಿ ನನ್ನ ಕೈಗೆ ಮಗ್ಗದ ಲಾಳಿ ಕೊಟ್ಟು, ಕುಡಿಯುವುದಿಲ್ಲವೆಂದು ಚೌಡೇಶ್ವರಿಯ ಮುಂದೆ ಆಣೆ ಇಡಿಸಿದರು. ಲಾಳಿ ಹಿಡಿದು ಇಟ್ಟ ಆಣೆಗೆ ತಪ್ಪಿದವನು ಆಮೇಲೆ ಮಗ್ಗ ಮುಟ್ಟುವ ಹಾಗಿಲ್ಲ, ಅವನ ನೂಲನ್ನು ಬೇರೆಯವರೂ ಮುಟ್ಟುವುದಿಲ್ಲ. ಇದಾಗಿ ಇಪ್ಪತ್ತೆಂಟು ವರ್ಷ.

2. 1936ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಪೆಂಬರ್ಟನ್ ದೊರೆಗಳೂ ಅವರ ದೊರೆಸಾನಿಯವರೂ ನಮ್ಮ ಮನೆಗೆ ಬಂದರು. ದೊರೆಸಾನಿಯವರ ಬಿಳಿ ರೇಷ್ಮೆ ಗೌನಿನ ಮೇಲೆ ಎರಡು ಕೆಂಪು ಕಲೆ ಬಿದ್ದಿದ್ದವು. ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದು, ಇವೆರಡೂ ಒಂದೇ ಸೀಸೆಯವಲ್ಲ, ಒಂದು ಹಳೆಯ ರಸ, ಒಂದು ಹೊಸದು ಎಂದೆ. ದೊರೆಗಳ ಬಟ್ಲರ್, ಹನೂರಿನ ಮಾದಸ್ವಾಮಿ, ಇದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊರೆಗಳ ಮುಖ ಕೆಂಪಾಯಿತು. ಎರಡೂ ಒಂದೇ ವಯಸ್ಸಿನ ಹಳೆಯ ವೈನು ಎಂದು ಹೇಳಿ ಯಾವನೋ ವ್ಯಾಪಾರಿ ಅವರಿಗೆ ಟೋಪಿ ಹಾಕಿದ್ದ. ಮುಂದಿನ ವಾರವೇ ನನಗೆ ಬೆಟ್ಟದಿಂದ ಬುಲಾವು ಬಂತು.

3. ದೊರೆಗಳು ಎರಡು ವರ್ಷಕ್ಕೊಮ್ಮೆ ದೊಡ್ಡ ಹಡಗು ಹತ್ತಿ ತಿಂಗಳುಗಟ್ಟಲೆ ವಿಹಾರ ಹೋಗುವ ಅಭ್ಯಾಸದವರು. ಹಡಗಿನವರು ಕೊಡುವ ಪಾನೀಯ ದೊರೆಸಾನಿಯವರಿಗೆ ಒಗ್ಗದ ಕಾರಣ ತಮ್ಮದನ್ನು ತಾವೇ ಒಯ್ಯುತ್ತಾರೆ. ಹೀಗೆ ತಂದವರ ಸೀಸೆಗೆ ತಾವು ಬಿರಡೆ ಎಳೆಯುವ ಕೂಲಿ ಹಾಕುತ್ತೀರೆಂದು ಕೇಳಿದ್ದೇನೆ. ಆ ಬಗ್ಗೆ ಈ ಅರ್ಜಿಯಲ್ಲಿ ತಕರಾರಿಲ್ಲ. ಯುದ್ಧದ ವರ್ಷಗಳನ್ನು ಬಿಟ್ಟು, ಈಗಿನದೂ ಸೇರಿ ಒಟ್ಟು ಐದು ಪ್ರಯಾಣಕ್ಕೆ ಸೀಸೆ ಆರಿಸಿದವನು ನಾನು.

4. ಆರಿಸುವ ರೀತಿ: ವ್ಯಾಪಾರಿಗಳು ಕಳುಹಿಸಿದ ಪ್ರತಿಯೊಂದು ಜಾತಿಯಿಂದ ಒಂದು ಸೀಸೆಯನ್ನು ಮಾದಸ್ವಾಮಿ ಬಿಚ್ಚುತ್ತಾನೆ. ಬೇಯಿಸಿ ಅಂಟು ತೆಗೆದ ಬಿಳಿ ರೇಷ್ಮೆಯ ಒಂದು ಎಳೆಯನ್ನು ನಾನು ಗ್ಲಾಸಿಗೆ ಇಳಿಬಿಟ್ಟು ನೂರು ಎಣಿಸುತ್ತೇನೆ. ಕೆಂಪು ವೈನಾದರೆ ಎಳೆಯನ್ನು ನೆರಳಲ್ಲಿ ಒಣಗಿಸಿ ನೋಡುವುದು. ನೇರಳೆಗೆ ತಿರುಗಿದರೆ ಹೊಸದು, ಹೆಂಚಿನ ಕೆಂಪಿಗೆ ತಿರುಗಿದರೆ ಮಾಗಿದ್ದು, ಮಣ್ಣಿನ ಬಣ್ಣಕ್ಕೆ ಬಂದರೆ ಅದರ ಕತೆ ಮುಗಿದಿದೆ. ಶಾಂಪೇನಿಗೆ ಹೇಳಿಕೊಳ್ಳುವ ಬಣ್ಣವಿಲ್ಲದ ಕಾರಣ ಲೆಕ್ಕ ಬೇರೆ. ಎಳೆಯ ಮೈಗೆ ಗುಳ್ಳೆ ಹತ್ತುತ್ತದೆ. ಗುಳ್ಳೆ ರಾಗಿಕಾಳಿಗಿಂತ ಸಣ್ಣದಾಗಿ, ಸಾಲು ಕಡಿಯದೆ, ನೂರು ದಾಟಿದ ಮೇಲೂ ಏಳುತ್ತಿದ್ದರೆ ಅದು ದೊರೆಸಾನಿಯವರಿಗೆ. ದಪ್ಪ ಗುಳ್ಳೆ ಬುಸುಬುಸು ಎದ್ದು ಐವತ್ತಕ್ಕೇ ಸುಸ್ತಾದರೆ ಅದು ದೊರೆಗಳ ಅತಿಥಿಗಳಿಗೆ. ನಾನು ಆರಿಸಿದ್ದನ್ನು ದೊರೆಗಳು ಆಮೇಲೆ ಕುಡಿದು ನೋಡುತ್ತಿದ್ದರು. ಒಂದು ಸಲವೂ ಬೇಡವೆಂದದ್ದಿಲ್ಲ. ಇದನ್ನು ಜಂಬಕ್ಕೆ ಬರೆದಿಲ್ಲ, ದಾಖಲೆಗೆ ಬರೆದಿದ್ದೇನೆ. ಸ್ವಲ್ಪ ಜಂಬವೂ ಇದೆ.

5. ನಾನು ಸಮುದ್ರ ಕಂಡವನಲ್ಲ. ಆದರೆ ಹಡಗು ಹೊಯ್ದಾಡುತ್ತದೆ, ಹೊಯ್ದಾಡಿದರೆ ಸೀಸೆಯ ತಳದ ಗಸಿ ಏಳುತ್ತದೆ ಎಂಬುದು ಯೋಚನೆಗೆ ಬಂತು. ಆದ್ದರಿಂದ ಯಳಂದೂರಿನಿಂದ ಬೆಟ್ಟಕ್ಕೆ ಹತ್ತುವ ಗಾಡಿರಸ್ತೆಯನ್ನೇ ಸಮುದ್ರವೆಂದು ಪರಿಗಣಿಸಿ, ಸೀಸೆಗಳನ್ನು ಹೊನ್ನೂರಿನ ಭತ್ತದ ಹುಲ್ಲಿನಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ಮಲಗಿಸಿ, ಮೂರು ಸಲ ಹತ್ತಿಸಿ ಮೂರು ಸಲ ಇಳಿಸಿದೆ. ತೀರ ಹಳೆಯ ಕೆಂಪು ವೈನು ಗಾಡಿಯಿಂದ ಇಳಿದಾಗ ಹೊಸ ನೀರು ಬಂದ ಕೆರೆಯ ಹಾಗೆ ಕದಡಿತ್ತು. ಅಂಥದ್ದನ್ನು ತಮ್ಮ ಹಡಗಿಗೆ ಕಳುಹಿಸಿಲ್ಲ. ನಡುವಯಸ್ಸಿನದು ತಡೆಯಿತು. ಶಾಂಪೇನು ಎಲ್ಲಕ್ಕಿಂತ ಚೆನ್ನಾಗಿ ತಡೆಯಿತು, ಆದರೆ ಗಾಡಿ ಇಳಿದ ಕೂಡಲೇ ಬಿಚ್ಚಿದ್ದಕ್ಕೆ ಬಿರಡೆ ಹಾರಿ ಮಾದಸ್ವಾಮಿಯ ಹಣೆ ಊದಿತು. ಕಾರಣ, ಹಡಗು ಬಹಳ ಹೊಯ್ದಾಡಿದ ದಿನ ಶಾಂಪೇನು ಬಿಚ್ಚಬಾರದಾಗಿ ತಮ್ಮ ಸಿಬ್ಬಂದಿಗೆ ತಿಳಿಸುವುದು.

6. ಈ ಕೆಲಸದ ವಿಷಯ ನಾನು ರಂಗಮ್ಮನಿಗೆ ಹೇಳಿರಲಿಲ್ಲ. ಬೆಟ್ಟಕ್ಕೆ ಬಣ್ಣದ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಿದ್ದೆ. ಇದು ಸುಳ್ಳಲ್ಲ ಎಂದು ಹದಿನಾಲ್ಕು ವರ್ಷ ನನಗೆ ನಾನೇ ವಾದ ಮಾಡಿಕೊಂಡು ಗೆದ್ದಿದ್ದೇನೆ.

7. ನಮ್ಮ ಕೊಳ್ಳೇಗಾಲ ಮದರಾಸು ಸೀಮೆಗೆ ಸೇರಿದ್ದು, ಇಲ್ಲಿ ಪಾನನಿರೋಧ ಜಾರಿಯಲ್ಲಿದೆ. ಯಳಂದೂರು ಮೈಸೂರು ಸೀಮೆ, ಅಲ್ಲಿ ಆ ಕಾಯಿದೆ ಇಲ್ಲ. ಆದ್ದರಿಂದ ನಾನು ಒಂದು ಸೀಸೆಯನ್ನೂ ಗಡಿಯಿಂದ ಈಚೆಗೆ ತಂದವನಲ್ಲ. ತಂದದ್ದು ಅದ್ದಿದ ಎಳೆಗಳನ್ನು. ಯಾವ ವರ್ಷ ಯಾವುದು ಹೇಗಿತ್ತು ಎಂದು ಮುಂದಿನ ಸಲ ಹೋಲಿಸಿ ನೋಡಲು ಅವು ಬೇಕು. ಕಳೆದ ಸಂಕ್ರಾಂತಿಯಾದ ಎರಡನೇ ದಿನ ಯಳಂದೂರಿನಿಂದ ಬರುವಾಗ ಬಸ್ಸು ತಪಾಸಣೆಯಾಯಿತು. ಕಾವಲಿನವರು ನನ್ನ ಚೀಲ ಮೂಸಿದರು. ಇನ್ನೊಬ್ಬರನ್ನು ಕರೆದು ಮೂಸಿಸಿದರು. ವಾಸನೆ ಇತ್ತು, ಸೀಸೆ ಇರಲಿಲ್ಲ. ನೂಲನ್ನು ಕುಡಿಯಲು ಬರುವುದಿಲ್ಲವಾದ ಕಾರಣ ಕೇಸು ಹಾಕಲಿಲ್ಲ. ಆದರೆ ಇವನು ಹೇಳಿದ ಊರು, ಹೇಳಿದ ಕಸಬು ನಿಜವೋ ಎಂದು ವಿಚಾರಿಸಲು ಒಬ್ಬರು ನನ್ನ ಜೊತೆ ಮನೆವರೆಗೆ ಬಂದರು. ಅವರ ತಪ್ಪಿಲ್ಲ, ಅವರ ಕೆಲಸ ಅವರು ಮಾಡಿದರು.

8. ಬಾಗಿಲು ತೆಗೆದವಳು ರಂಗಮ್ಮ. ಇವರು ನಿಮ್ಮ ಯಜಮಾನರೇನಮ್ಮ, ಚೀಲದ ತುಂಬ ವೈನಿನ ವಾಸನೆ ಎಂದು ಅವರು ಕೇಳಿದರು. ಹೌದು, ನಮ್ಮ ಯಜಮಾನರೇ ಎಂದಳು. ಅವರು ಹೋದ ಮೇಲೆ ಎಳೆಗಳ ಗಂಟನ್ನು ತಾನೇ ಬಿಚ್ಚಿ ಮೂಸಿದಳು. ಒಳಗೆ ಹೋಗಿ ಟ್ರಂಕು ತಂದಳು. “ಲಾಳಿ ಇಡ್ದ ಕೈಲಿ ಇದನ್ನ ಇಡ್ಕಂಡು ಬಂದ್ರಾ,” ಎಂದಳು. ಅಗರದ ಬಸ್ಸಿಗೆ ಹೋದಳು.

9. ನಾನು ಎರಡು ಸಲ ಅಗರಕ್ಕೆ ಹೋದೆ. ಎರಡು ಸಲವೂ ಆಕೆ ಒಳಮನೆಯಿಂದ ಈಚೆಗೆ ಬರಲಿಲ್ಲ. ದೇವಣ್ಣನಿಗೆ ನಾನು ಎಳೆಯ ವಿಷಯ, ಗುಳ್ಳೆ ಎಣಿಸುವ ವಿಷಯ, ಗಾಡಿಯ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವನು ಎಲ್ಲವನ್ನೂ ಒಳಗೆ ಹೋಗಿ ಹೇಳಿ ಬಂದ. ಆಮೇಲೆ, ಸೀಸೆಗಳೆಲ್ಲ ತುಂಬಿದ್ದವು ಅಂತ ಒಂದು ಕಾಗದ ತಾ ಬಾವ, ಅಲ್ಲೀಗಂಟ ಈ ಕಡೆ ತಲೆ ಹಾಕಬೇಡ ಎಂದ. ಸಾಕ್ಷಿಗೆಂದು ಮಾದಸ್ವಾಮಿಯನ್ನು ಕರೆದುಕೊಂಡು ಹೋಗಿದ್ದೆ. ಇವರು ಒಂದು ತೊಟ್ಟೂ ಕುಡಿದವರಲ್ಲ ಎಂದು ಅವನು ಹೇಳಿದ್ದು ನಿಜ. ಆದರೆ ಹೇಳುವಾಗ ಕಂಬ ಹಿಡಿದುಕೊಂಡಿದ್ದ ಕಾರಣ ಅವನ ಸಾಕ್ಷಿ ನಿಲ್ಲಲಿಲ್ಲ. ಈ ಎಲ್ಲ ಕಾರಣಗಳಿಂದ ತಮ್ಮ ಸರ್ಟಿಫಿಕೇಟು ಅಗತ್ಯವಾಗಿ ಬೇಕಾಗಿದೆ.

10. ಇಲ್ಲಿಯವರೆಗೆ ಮೊನ್ನೆಯೇ ಬರೆದಿಟ್ಟು, ನಿನ್ನೆ ಮೂರನೇ ಸಲ ಅಗರಕ್ಕೆ ಹೋದೆ. ದೇವಣ್ಣ ಗದ್ದೆಗೆ ಹೋಗಿದ್ದ. ರಂಗಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಕಪ್ತಾನರಿಂದಲೇ ಕಾಗದ ತರಿಸುತ್ತೇನೆ, ಸೀಲು ಹಾಕಿಸಿ ತರಿಸುತ್ತೇನೆ ಎಂದೆ. ಅಷ್ಟು ದಿನಕ್ಕೆ ಮೊದಲ ಸಲ ನನ್ನ ಮುಖ ನೋಡಿದಳು.

“ನೀವು ಕುಡ್ದಿಲ್ಲ ಅಂತ ನಂಗೊತ್ತು ಕಣ್ರಿ. ಇಪ್ಪತ್ತೆಂಟ್ ವರ್ಸ ಜೊತೇಲಿ ಬಾಳಿವ್ನಿ, ವಾಸ್ನೆ ಗೊತ್ತಾಗಕಿಲ್ವಾ. ಕಾಗ್ದ ಕೇಳ್ದೋನು ನಮ್ಮಣ್ಣ, ನಾನಲ್ಲ.”

ಹಾಗಾದರೆ ನಿನಗೇನು ಬೇಕು ಎಂದೆ.

“ಆ ದೊರೆಸಾನಿ ನಾಲ್ಗೆಗೆ ಯಾವ್ದು ಇಡಿಸ್ತದೆ ಅಂತ ಗುಳ್ಳೆ ಎಣ್ಸಿ ಎಣ್ಸಿ ಕಳುಸುದ್ರಿ. ಸರಿ. ನಂಗೆ ಯಾವ್ ಬಣ್ಣ ಇಡಿಸ್ತದೆ? ಯೋಳಿ ನೋಡಮ.”

ಮಾನ್ಯರೇ, ನನ್ನ ಅಂಗಳದಲ್ಲಿ ಅರವತ್ತಮೂರು ಬಣ್ಣದ ನೂಲಿನ ಲಡಿ ತೂಗುತ್ತಿರುತ್ತವೆ. ಎಲ್ಲವೂ ನನ್ನ ಕೈಯಲ್ಲೇ ಎದ್ದ ಬಣ್ಣ. ಅವುಗಳಲ್ಲಿ ಆಕೆಯದು ಯಾವುದೆಂದು ನನಗೆ ತಿಳಿದಿರಲಿಲ್ಲ. ಅಂಗಡಿಗೆ ಬರುವ ಹತ್ತು ಹೆಂಗಸರಲ್ಲಿ ಏಳು ಮಂದಿ ಕೇಳುವುದು ಗಿಳಿಹಸಿರು ಎಂಬ ಅನುಭವದ ಮೇಲೆ, ಗಿಳಿಹಸಿರು ಎಂದೆ.

“ಅದು ನಮ್ಮವ್ವಂಗೆ ಇಡಿಸ್ತಿತ್ತು,” ಎಂದಳು. ಸೆರಗಿನ ಮೇಲಿನ ಬೀಜ ಕೊಡವಿ ಎದ್ದಳು. “ಆ ದೊರೆಗಳು ನಮ್ಮನೆಗೆ ಬಂದ ದಿನ ನೀವು ಕಲೆ ನೋಡ್ತಾ ಕುಂತಿದ್ರಿ. ದೊರೆಸಾನಿ ಅಂಗಳಕ್ಕೆ ಬಂದು ಲಡಿಗಳ್ನ ತೋರ್ಸಿ, ನಿಂಗ್ಯಾವ್ದು ಅಂತ ಕೈಸನ್ನೇಲಿ ಕೇಳುದ್ರು. ನಾ ಒಂದ ಮುಟ್ಟಿ ತೋರುಸ್ದೆ. ಭಾಸೆ ಬರ್ದೋರು ಕೇಳುದ್ರು. ನೀವು ಕೇಳ್ನಿಲ್ಲ.”

ಈಗ ಕೇಳುತ್ತಿದ್ದೇನಲ್ಲ ಎಂದೆ.

“ಈಗ ನಾ ಯೋಳಕಿಲ್ಲ. ಗೊತ್ತಾದ ದಿನ ಆ ಬಣ್ಣದ ಸೀರೆ ತಕಂಡು ಬನ್ನಿ. ಬತ್ತೀನಿ.”

ಇಷ್ಟು ಹೇಳಿ ಒಳಕ್ಕೆ ಹೋದಳು. ಬಸ್ಸಿನಲ್ಲಿ ಕೂತ ಮೇಲೆ ಜ್ಞಾಪಕಕ್ಕೆ ಬಂತು: ರೇಷ್ಮೆ ಬಣ್ಣಗಾರನ ಹೆಂಡತಿಯಾದ ಆಕೆಗೆ ಧಾರೆಯ ಸೀರೆಯೊಂದನ್ನು ಬಿಟ್ಟರೆ ಬೇರೆ ರೇಷ್ಮೆ ಸೀರೆ ಇಲ್ಲ. ಆಕೆ ಕೇಳಿರಲಿಲ್ಲ, ನಾನು ತಂದಿರಲಿಲ್ಲ. ಇಂಥದ್ದನ್ನು ಅರ್ಜಿಯಲ್ಲಿ ಬರೆಯುವ ಪದ್ಧತಿ ಇದೆಯೋ ಇಲ್ಲವೋ ತಿಳಿಯದು. ಆದದ್ದನ್ನು ಬರೆದಿದ್ದೇನೆ.

11. ಆದ್ದರಿಂದ ಸರ್ಟಿಫಿಕೇಟಿನ ಕೋರಿಕೆಯನ್ನು ಈ ಮೂಲಕ ವಾಪಸು ಪಡೆದಿದ್ದೇನೆ. ಈಗ ರಂಗಮ್ಮನ ಬಣ್ಣ ತಿಳಿದಿರುವವರು ಭೂಮಿಯ ಮೇಲೆ ರಂಗಮ್ಮನನ್ನು ಬಿಟ್ಟರೆ ದೊರೆಸಾನಿಯವರು ಒಬ್ಬರೇ. ದೊರೆಗಳು ತೋಟ ಮಾರಿದ್ದಾರೆ. ತಮ್ಮ ಹಡಗು ಈ ತಿಂಗಳ ಇಪ್ಪತ್ತಾರಕ್ಕೆ ಬಿಟ್ಟರೆ ಅವರು ಮತ್ತೆ ಈ ದೇಶಕ್ಕೆ ಬರುವುದಿಲ್ಲ. ದೊರೆಸಾನಿಯವರಿಗೆ ನಾನೇ ನೇರವಾಗಿ ಬರೆಯಬಹುದಿತ್ತು. ಆದರೆ ಪರಸ್ತ್ರೀಗೆ ಕಾಗದ ಬರೆದೆನೆಂಬುದೂ ರಂಗಮ್ಮನಿಗೆ ತಿಳಿದರೆ ನನ್ನ ಗತಿ ಏನಾಗಬೇಕು. ಬೊಂಬಾಯಿವರೆಗೆ ಸಾಮಾನು ಸಾಗಿಸಲು ಹೋಗುವ ಮಾದಸ್ವಾಮಿಯೇ ಈ ಅರ್ಜಿಯನ್ನು ತಂದು ತಮಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾನೆ. ದೊರೆಸಾನಿಯವರನ್ನು ಅವನ ಬಾಯಲ್ಲೇ ಕೇಳಿಸಬಹುದಿತ್ತು. ಹಡಗಿನ ಹೆಸರನ್ನೇ ಎರಡು ಬಗೆ ಹೇಳಿದವನು ಬಣ್ಣವನ್ನು ಎಷ್ಟು ಬಗೆ ಹೇಳುವನೋ ಎಂಬ ಭಯದಿಂದ ಬಿಟ್ಟಿದ್ದೇನೆ.

ಆದಕಾರಣ ತಾವು ದಯಮಾಡಿ, ಲಂಗರು ಎತ್ತುವ ಮುಂಚೆ, ದೊರೆಸಾನಿಯವರಿಗೆ ಒಂದು ಗ್ಲಾಸು ಶಾಂಪೇನು ಕೊಡಿಸಿ (ಗುಳ್ಳೆ ಸಣ್ಣ ಇರುವ ಪೆಟ್ಟಿಗೆಯ ಮೇಲೆ ಸುಣ್ಣದ ಗುರುತಿದೆ), ಅವರು ಸಮಾಧಾನದಲ್ಲಿರುವಾಗ ಲಗತ್ತಿಸಿರುವ ಎಳೆಗಳನ್ನು ಮುಂದೆ ಹರಡಿ, ಹದಿನಾಲ್ಕು ವರ್ಷದ ಹಿಂದೆ ಕೊಳ್ಳೇಗಾಲದ ಅಂಗಳದಲ್ಲಿ ಒಬ್ಬ ಹೆಂಗಸು ಮುಟ್ಟಿ ತೋರಿಸಿದ್ದು ಯಾವುದು ಎಂದು ವಿಚಾರಿಸಿ, ಆ ಎಳೆಯ ನಂಬರನ್ನು ತಂತಿ ಮೂಲಕ ತಿಳಿಸಬೇಕಾಗಿ ಕೈಮುಗಿದು ಕೋರುತ್ತೇನೆ. ಬೇರೆ ಮಾತು ಬೇಡ, ನಂಬರೊಂದೇ ಸಾಕು. ಮನೆಯಲ್ಲಿ ಉಳಿದಿರುವ ಒಂದು ಮಗ್ಗವನ್ನು ಆ ಸೀರೆಗೆಂದು ಖಾಲಿ ಇಟ್ಟುಕೊಂಡು ಕೂತಿದ್ದೇನೆ.

ತಮ್ಮ ವಿಶ್ವಾಸಿ,
ಸದ್ಯ ತನ್ನ ಅಡಿಗೆ ತಾನೇ ಮಾಡಿಕೊಂಡು ಉಣ್ಣುತ್ತಿರುವ
ಬಣ್ಣಗಾರ ಚೌಡಯ್ಯ

ಲಗತ್ತುಗಳು:
1) ನಂಬರಿನ ಚೀಟಿ ಕಟ್ಟಿದ ಬಣ್ಣದ ರೇಷ್ಮೆ ಎಳೆಗಳು, ಅರವತ್ತೆರಡು. ಗಿಳಿಹಸಿರನ್ನು ತೆಗೆದುಹಾಕಲಾಗಿದೆ. (ಇವು ಯಾವ ಪಾನೀಯವನ್ನೂ ಸೋಕಿದವಲ್ಲ. ಮೂಸಿ ನೋಡಬಹುದು.)
2) ನನ್ನ ವಿಳಾಸ ಬರೆದಿರುವ ತಂತಿ ಫಾರಂ, ಒಂದು.

ಕೊನೆಯ ಕೋರಿಕೆ: ಒಂದು ವೇಳೆ ದೊರೆಸಾನಿಯವರಿಗೆ ನೆನಪಿಲ್ಲದಿದ್ದರೆ, ಬಡವನಿಗೆ ಉಪಕಾರವಾಗಲಿ ಎಂದು ತಾವು ಅಂದಾಜಿನ ಮೇಲೆ ಯಾವುದೋ ಒಂದು ನಂಬರನ್ನು ಕಳುಹಿಸಬಾರದಾಗಿ ವಿನಂತಿ. ಅಂದಾಜಿನ ಉತ್ತರವನ್ನು ನಾನು ಈಗಾಗಲೇ ಒಂದು ಸಲ ಕೊಟ್ಟಿದ್ದೇನೆ.