ಅಡುಗೆ ಭಟ್ಟರ ಪರ ವಕಾಲತ್ತು

ಮನೆಯಲ್ಲಿ ಒಬ್ಬರು ಡಾಕ್ಟರಿಕೆ ಓದಿದರೆ ಉಳಿದವರಿಗೆ ಇಲ್ಲದ ಕಾಯಿಲೆಯೆಲ್ಲ ಕಾಣಿಸಿಕೊಳ್ಳುತ್ತದೆ ಎಂದು ಕೇಳಿದ್ದೆ. ಕಾನೂನು ಓದಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಎಚ್ಚರಿಸಿರಲಿಲ್ಲ. ಅನುಭವದಿಂದ ನಾನೇ ಹೇಳುತ್ತೇನೆ. ಓದುವವರು ವಾದಿಯಾಗುತ್ತಾರೆ, ಉಳಿದವರೆಲ್ಲ ಪ್ರತಿವಾದಿಗಳಾಗುತ್ತಾರೆ. ನನ್ನ ಹೆಂಡತಿ ಜಯಶ್ರೀ ನಲವತ್ತು ದಾಟಿದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುತ್ತೇನೆ ಎಂದಾಗ, ಓದಲಿ, ಹೊತ್ತು ಹೋಗುತ್ತದೆ ಎಂದುಕೊಂಡೆ. ಅವಳ ಹೊತ್ತು ಹೋಯಿತೋ ಇಲ್ಲವೋ, ನನ್ನ ಮಾತಂತೂ ಮನೆಯಲ್ಲಿ ನಡೆಯದೆ ಹೋಯಿತು.

ಅವಳ ತವರು ಹೊಸನಗರ. ಶಾಲೆಗೆ ಹೋಗುವಾಗ ದಾರಿಯಲ್ಲಿ ಕೋರ್ಟು ಸಿಗುತ್ತಿತ್ತಂತೆ. ಕರಿಕೋಟು ಹಾಕಿಕೊಂಡು ಓಡಾಡುವವರನ್ನು ನೋಡುತ್ತ ನಿಂತು ಎಷ್ಟೋ ಸಲ ತಡವಾಗಿ ತರಗತಿಗೆ ಹೋಗಿ ಬೈಸಿಕೊಂಡಿದ್ದಳಂತೆ. ಒಂದು ದಿನ ತಾನೂ ಅದೇ ಕೋರ್ಟಿನಲ್ಲಿ ನಿಂತು ಮಾತಾಡಬೇಕು ಎನ್ನುವುದು ಅವಳ ಹಳೆಯ ಆಸೆ. ಬಿ.ಕಾಂ. ಮುಗಿಯುತ್ತಲೇ ಸಾಗರದ ಹಾರ್ಡ್‌ವೇರ್ ಅಂಗಡಿಯವನೊಬ್ಬನ ಜಾತಕ ಕೂಡಿಬಂದು ಆ ಆಸೆ ಮೊಳೆ, ಕೊಳಾಯಿ, ಬಣ್ಣದ ಡಬ್ಬಿಗಳ ಹಿಂದೆ ಸರಿದುಹೋಯಿತು. ಆ ಅಂಗಡಿಯವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ದಿನಾ ಬೆಳಗಿನ ಬಸ್ಸಿಗೆ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಒಂದಷ್ಟು ಕಾನೂನನ್ನು ಮನೆಗೆ ತರುತ್ತಾಳೆ. ಮೊದಲು ಬಂದದ್ದು ಕರಾರು ಕಾಯಿದೆ. ನಾನು ಅಂಗಡಿಯ ಮುಂದೆ ಬಕೆಟ್ಟುಗಳಿಗೆ ಬೆಲೆಚೀಟಿ ಅಂಟಿಸಿ ಜೋಡಿಸಿಡುತ್ತೇನಲ್ಲ, ಅದು 'ಮಾರುತ್ತೇನೆ' ಎಂಬ ಮಾತೇ ಅಲ್ಲವಂತೆ, 'ಬಂದು ಕೇಳಿ' ಎಂಬ ಕರೆ ಮಾತ್ರವಂತೆ. ಕೊಳ್ಳುತ್ತೇನೆ ಎನ್ನುವುದು ಗಿರಾಕಿಯ ಪ್ರಸ್ತಾಪ. ಒಪ್ಪುವುದು ಬಿಡುವುದು ನನ್ನ ಮರ್ಜಿ. ಇಷ್ಟು ವರ್ಷ ಗಿರಾಕಿಗಳ ಮುಂದೆ ಕೈಕಟ್ಟಿ ನಿಂತವನಿಗೆ ಇದರಿಂದ ಬಹಳ ಸಮಾಧಾನವಾಯಿತು. ಮರುದಿನವೇ ಚೌಕಾಸಿಗೆ ನಿಂತ ಒಬ್ಬರಿಗೆ ಈ ತತ್ವವನ್ನು ವಿವರವಾಗಿ ತಿಳಿಸಿದೆ. ಅವರು ಸಾವಧಾನದಿಂದ ಕೇಳಿ, ಎದುರು ಅಂಗಡಿಯ ಕರೆಗೆ ಓಗೊಟ್ಟರು.

ಅವಳ ಓದಿನಿಂದ ಪೂರ್ತಿ ಲಾಭವಾದದ್ದು ನಮ್ಮಮ್ಮನಿಗೆ. ವಾರಸುದಾರಿಕೆಯ ಪಾಠ ಓದುತ್ತಿದ್ದ ದಿನ ಜಯಶ್ರೀ, "ಅತ್ತೆ, ಮಗನ ಆಸ್ತಿಗೆ ತಾಯಿ ಮೊದಲನೇ ವರ್ಗದ ವಾರಸುದಾರಳಂತೆ. ತಂದೆ ಎರಡನೇ ವರ್ಗ" ಎಂದಳು. ಅಮ್ಮ ಎಲೆಅಡಿಕೆಯ ಕವಳ ಹಾಕುವುದನ್ನು ನಿಲ್ಲಿಸಿ, "ನಾನು ಫಸ್ಟ್ ಕ್ಲಾಸು, ನಿನ್ನ ಮಾವ ಸೆಕೆಂಡ್ ಕ್ಲಾಸಾ? ಅವ್ರು ಇದ್ದಾಗ್ಲೇ ಇದು ಗೊತ್ತಾಗ್ಬೇಕಿತ್ತು ಮಾರಾಯ್ತಿ" ಎಂದು ನಿಟ್ಟುಸಿರು ಬಿಟ್ಟರು. ಈ ವರ್ಗೀಕರಣ ಜಾರಿಗೆ ಬರಬೇಕಾದರೆ ಮೊದಲು ನಾನು ಸಾಯಬೇಕು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಪಕ್ಕದಲ್ಲೇ ಕುಳಿತು ದೋಸೆ ತಿನ್ನುತ್ತಿದ್ದೆ. ಇನ್ನೊಂದು ದಿನ, ಯಾವುದೋ ದೇಶದಲ್ಲಿ ಹೆಂಗಸೊಬ್ಬಳು ಕುಡಿದ ಪಾನೀಯದ ಬಾಟಲಿಯಲ್ಲಿ ಸತ್ತ ಬಸವನಹುಳು ಇದ್ದ ಮೊಕದ್ದಮೆಯ ಕಥೆ ಬಂತು. ತಯಾರಿಸಿದವರ ಹೊಣೆ ಎಲ್ಲಿಯವರೆಗೆ ಎಂದು ಅವಳು ವಿವರಿಸುತ್ತಿದ್ದರೆ ಅಮ್ಮನಿಗೆ ಬೇಕಾದದ್ದು ಒಂದೇ. "ಆ ಹೆಂಗ್ಸಿಗೆ ಹೊಟ್ಟೆನೋವು ಕಮ್ಮಿ ಆಯ್ತಾ?" ಪುಸ್ತಕವನ್ನೆಲ್ಲ ಹುಡುಕಿದರೂ ಉತ್ತರ ಸಿಗಲಿಲ್ಲ. ಅಂದಿನಿಂದ ಅಮ್ಮನಿಗೆ ಕಾನೂನಿನ ಮೇಲಿನ ಗೌರವ ಸ್ವಲ್ಪ ಇಳಿದಿದೆ.

ಸಾಕ್ಷ್ಯದ ಪಾಠ ನಡೆಯುತ್ತಿದ್ದಾಗ ಮನೆಯಲ್ಲಿ ಸುದ್ದಿಗೇ ಬರ ಬಂತು. ಪೇಟೆಯಿಂದ ನಾನೇನಾದರೂ ಕೇಳಿಕೊಂಡು ಬಂದರೆ, "ನೀವು ಕಣ್ಣಾರೆ ಕಂಡ್ರಾ?" ಎನ್ನುತ್ತಿದ್ದಳು. ಇಲ್ಲ, ಯಾರೋ ಹೇಳಿದರು ಎಂದರೆ ಅಲ್ಲಿಗೆ ಸುದ್ದಿ ವಜಾ. ಕಣ್ಣಾರೆ ಕಂಡದ್ದನ್ನೇ ಮಾತಾಡಬೇಕು ಎಂದಾದರೆ ಸಾಗರದ ಪೇಟೆಯಲ್ಲಿ ಅರ್ಧ ಜನ ಮೂಕರಾಗಬೇಕಾಗುತ್ತದೆ. ಇಷ್ಟರ ನಡುವೆ ದೇಶದ ದಂಡಸಂಹಿತೆಯೇ ಬದಲಾಗಿ, ಕಷ್ಟಪಟ್ಟು ಬಾಯಿಪಾಠ ಮಾಡಿದ ಕಲಮುಗಳಿಗೆಲ್ಲ ಹೊಸ ನಂಬರು ಬಂತು. ನಾನು ಯಾರನ್ನೋ 'ಫೋರ್‌ಟ್ವೆಂಟಿ' ಎಂದು ಬೈದರೆ, ಆ ನಂಬರಿನಲ್ಲಿ ಈಗ ಮೋಸ ಇಲ್ಲ ಎಂದು ತಿದ್ದಿದಳು. ಸರಿಯಾದ ಹೊಸ ನಂಬರನ್ನು ಕೇಳಿ ತಿಳಿದುಕೊಂಡು ಬೈಯುವ ಹೊತ್ತಿಗೆ ನನ್ನ ಸಿಟ್ಟೇ ಇಳಿದುಹೋಗಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಕೊನೆಯ ವರ್ಷದಲ್ಲಿ ಅಣಕು ನ್ಯಾಯಾಲಯ ಎದುರಾಯಿತು. ಕಲ್ಪಿತ ಮೊಕದ್ದಮೆಯೊಂದನ್ನು ಕೊಟ್ಟು, ಒಬ್ಬರನ್ನು ವಾದಿಯ ಪರ, ಇನ್ನೊಬ್ಬರನ್ನು ಪ್ರತಿವಾದಿಯ ಪರ ನಿಲ್ಲಿಸಿ ನಿಜವಾದ ಕೋರ್ಟಿನಂತೆಯೇ ವಾದ ಮಾಡಿಸುತ್ತಾರೆ. ಅದರಲ್ಲಿ ಪಾಸಾಗದೆ ಪದವಿ ಇಲ್ಲ. ಮನೆಯಲ್ಲಿ ನನ್ನ ಮಾತನ್ನೆಲ್ಲ ಕತ್ತರಿಸುವ ಜಯಶ್ರೀಗೆ ನಾಲ್ಕು ಜನರ ಎದುರು ನಿಂತರೆ ಗಂಟಲು ಕಟ್ಟುತ್ತದೆ. ಒಮ್ಮೆ ತರಗತಿಯಲ್ಲಿ ಮಾತಾಡಲು ಎದ್ದವಳು ನೀರು ಕುಡಿದು ಕುಳಿತುಬಿಟ್ಟಿದ್ದಳಂತೆ. "ಬರೆಯೋದೆಲ್ಲ ಬರೀತೀನಿ. ನಿಂತು ಮಾತಾಡೋದು ನನ್ ಕೈಲಿ ಆಗಲ್ಲ. ಇದೊಂದಕ್ಕೋಸ್ಕರ ಓದೇ ಬಿಟ್ಬಿಡೋಣ ಅನ್ಸ್ತಿದೆ" ಎಂದು ಒಂದು ದಿನ ಅಳುಮುಖ ಮಾಡಿದಳು. ಹೊಸನಗರದ ಕೋರ್ಟು ಇಷ್ಟು ಹತ್ತಿರ ಬಂದು ಮತ್ತೆ ದೂರ ಸರಿಯುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟವಾದಾಗ ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ಹೆದರ್ಬೇಡ, ನಾನಿದೀನಿ" ಎಂದೆ. ಅವಳ ಹೆದರಿಕೆ ಹೆಚ್ಚಿದಂತೆ ಕಂಡಿತು.

ಯಾಕೆಂದರೆ ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ವೇಷ, ಕುಣಿತ ಇಲ್ಲದೆ ಕುಳಿತಲ್ಲೇ ಪಾತ್ರಗಳಾಗಿ ಮಾತಿನಲ್ಲೇ ಕಾದಾಡುವ ಈ ಕಲೆಯಲ್ಲಿ ಸಾಗರದಿಂದ ತೀರ್ಥಹಳ್ಳಿಯವರೆಗೆ ನನ್ನನ್ನು ಬಲ್ಲವರಿದ್ದಾರೆ. ನನಗೆ ಸಿಗುವುದು ಸಾಮಾನ್ಯವಾಗಿ ಸೋಲುವ ಪಾತ್ರಗಳು. ನನ್ನ ಪೀಠಿಕೆ ಶುರುವಾದರೆ ಹಿಮ್ಮೇಳದವರು ಎದ್ದು ಹೋಗಿ ಚಹಾ ಕುಡಿದು ಬರುತ್ತಾರೆ ಎಂಬ ಮಾತೂ ಇದೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೇನೆ. ಜಯಶ್ರೀಗೆ ಬಂದ ಮೊಕದ್ದಮೆ ಹೀಗಿತ್ತು. ಮದುವೆ ಅಡುಗೆಗೆ ಒಪ್ಪಿಕೊಂಡಿದ್ದ ಭಟ್ಟರೊಬ್ಬರು ಹಿಂದಿನ ದಿನವೇ ಹೊರಟರೂ, ದಾರಿಯ ಸೇತುವೆ ಕೊಚ್ಚಿಹೋಗಿ ಮದುವೆಮನೆ ತಲುಪಲಿಲ್ಲ. ಮಾತಿಗೆ ತಪ್ಪಿದ್ದಕ್ಕೆ ಪರಿಹಾರ ಕೊಡಬೇಕೇ ಬೇಡವೇ? ಇವಳು ಭಟ್ಟರ ಪರ.

"ಪ್ರಸಂಗದಲ್ಲಿ ಗೆಲ್ಲೋದು ಯಾರು?" ಎಂದು ಮೊದಲೇ ಕೇಳಿದೆ.

"ಅದು ಹೆಂಗೆ ಗೊತ್ತಾಗ್ತದೆ? ವಾದ ಆದ್ಮೇಲೆ ಪೀಠ ಹೇಳ್ತದೆ."

ಯಾರು ಗೆಲ್ಲುತ್ತಾರೆ ಎಂದು ಗೊತ್ತಿಲ್ಲದೆ ವಾದ ಮಾಡುವುದು ಹೇಗೆ ಎನ್ನುವುದು ನನಗೆ ಅರ್ಥವಾಗಲಿಲ್ಲ. ಮದುವೆಗೆ ಊಟವಿಲ್ಲದಂತೆ ಮಾಡಿದವನು ಗೆಲ್ಲುವುದುಂಟೇ? ಇದು ಸೋಲುವ ಪಾತ್ರವೇ ಸೈ ಎಂದು ತೀರ್ಮಾನಿಸಿ, ಅದಕ್ಕೆ ತಕ್ಕ ತಯಾರಿ ಶುರುಮಾಡಿದೆ. ಅನ್ನ ಎಂದರೇನು, ಅಗ್ನಿ ಎಂದರೇನು, ಇವೆರಡರ ನಡುವೆ ನಿಂತ ಪಾಚಕ ಎಂದರೆ ಯಾರು ಎಂದು ಭವ್ಯವಾದ ಪೀಠಿಕೆ ಕಟ್ಟಿಕೊಟ್ಟೆ. ಎದುರಾಳಿಯತ್ತ ತಿರುಗಿ ಅವನ ಮಾತಿನಿಂದಲೇ ಅವನನ್ನು ಹಿಡಿಯುವುದನ್ನು ಕಲಿಸಿದೆ. ಕೊನೆಗೆ ತಾಳಮದ್ದಳೆಯ ಮರ್ಯಾದೆಯಂತೆ, ಎಷ್ಟೇ ವಾದಿಸಿದರೂ ಕಥೆಗೆ ತಲೆಬಾಗಿ, ಕೈಮುಗಿದು ಸೋಲೊಪ್ಪುವುದನ್ನೂ ಹೇಳಿಕೊಟ್ಟೆ. "ಹಂಗೆ ಒಪ್ಕೊಂಡ್ರೆ ನನ್ ಕಕ್ಷಿದಾರರ ಗತಿ ಎಂತ?" ಎಂದಳು. "ಸಭೆ ನಿನ್ನ ಪರ ಆಗ್ತದೆ, ಅದು ಸಾಕು" ಎಂದೆ. ಊಟದ ಮನೆಯಲ್ಲಿ ಅಭ್ಯಾಸಕ್ಕೆ ನಿಂತರೆ ನಾಲ್ಕು ವಾಕ್ಯಕ್ಕೊಮ್ಮೆ ನಾನೇ ತಡೆದು ತಿದ್ದುತ್ತಿದ್ದೆ. ತಿದ್ದಿದಷ್ಟೂ ಅವಳ ದನಿ ಸಣ್ಣದಾಗುತ್ತಿತ್ತು. ಇನ್ನಷ್ಟು ತಿದ್ದಿದೆ.

ವಾದದ ದಿನ ನಾನೂ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಕಾಲೇಜಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಪೀಠದಲ್ಲಿ ತೀರ್ಥಹಳ್ಳಿಯ ಹಿರಿಯ ವಕೀಲೆಯೊಬ್ಬರಿದ್ದರು. ಎದುರು ಪಕ್ಷದ ಹುಡುಗ ಪಟಪಟನೆ ಮಾತಾಡಿ ಕುಳಿತ. ಬಿಳಿ ಸೀರೆಯ ಮೇಲೆ ಕರಿಕೋಟು ತೊಟ್ಟ ಜಯಶ್ರೀ ಎದ್ದು, ಅವನತ್ತ ತಿರುಗಿ, ನಡುಗುವ ದನಿಯಲ್ಲಿ, "ಅನ್ನ ಎಂದರೇನು?" ಎಂದು ಕೇಳಿದಳು. ಹುಡುಗ ಗಾಬರಿಯಾಗಿ ತನ್ನ ಕಾಗದಗಳಲ್ಲಿ ಹುಡುಕತೊಡಗಿದ. ಪೀಠದವರು ಕನ್ನಡಕ ಸರಿಸಿ, "ಅಮ್ಮಾ, ಮಾತು ಪೀಠಕ್ಕೆ ಹೇಳಿ. ಅನ್ನದ ವಿಷಯ ನಮಗೆ ಗೊತ್ತಿದೆ. ಮಳೆಗಾಲದಲ್ಲಿ ಹೊಳೆ ಬರೋದು ಮಲೆನಾಡಿನ ಅಡುಗೆಯವರಿಗೆ ಗೊತ್ತಿರಲಿಲ್ವಾ?" ಎಂದರು.

ಪೀಠಿಕೆ ಮೊದಲ ವಾಕ್ಯಕ್ಕೇ ಮುಗಿದುಹೋಗಿತ್ತು. ಇನ್ನು ನೀರು ಕುಡಿದು ಕುಳಿತುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಪೀಠದತ್ತ ತಿರುಗಿ, "ನನ್ನ ಕಕ್ಷಿದಾರರು ಮದುವೆಗೆ ಬರಲಿಲ್ಲ ಅನ್ನೋದನ್ನ ಒಪ್ತೀನಿ" ಎಂದು ಕೈಮುಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಸೋಲೊಪ್ಪುವುದನ್ನು ಕಲಿಸಿದ ಪಾಪಿ ನಾನೇ.

"ಆದ್ರೆ ಬಾರದೇ ಇರೋದು ಬೇರೆ, ಬರಲಿಕ್ಕೆ ಆಗದೇ ಇರೋದು ಬೇರೆ" ಎಂಬ ಮಾತು ಕೇಳಿ ಕಣ್ಣು ಬಿಟ್ಟೆ. ದನಿ ನಡುಗುತ್ತಿರಲಿಲ್ಲ. "ಹೊಳೆ ಬರೋದು ಅವ್ರಿಗೆ ಗೊತ್ತಿತ್ತು. ಅದ್ಕೇ ಹಿಂದಿನ ದಿನವೇ ಹೊರಟಿದ್ರು. ಸೇತುವೆ ಹೋಗೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮದುವೆ ಇಟ್ಟವರಿಗೆ ಗೊತ್ತಿದ್ದಿದ್ರೆ ಅವರೂ ಬೇರೆ ಮುಹೂರ್ತ ಇಡ್ತಿದ್ರು." ಪೀಠದವರು ನಕ್ಕರು, ಮತ್ತೆ ಕೇಳಿದರು, ಇವಳು ಮತ್ತೆ ಹೇಳಿದಳು. ಮಾಡಲಾಗದ್ದನ್ನು ಮಾಡಲಿಲ್ಲವೆಂದು ಯಾರ ಮೇಲೂ ಹೊಣೆ ಹೊರಿಸಲಾಗದು ಎಂಬ ತತ್ವ, ಅದಕ್ಕೆ ಹಿಂದಿನ ತೀರ್ಪುಗಳು ಎಲ್ಲ ಒಂದೊಂದಾಗಿ ಬಂದವು. ನಾನು ಹೇಳಿಕೊಟ್ಟದ್ದು ಅದರಲ್ಲಿ ಒಂದೂ ಇರಲಿಲ್ಲ. ಭಟ್ಟರು ಗೆದ್ದರು. ನಮ್ಮ ಮನೆಯ ವಕೀಲರು ಪಾಸಾದರು. ನನ್ನ ಕಣ್ಣಲ್ಲಿ ನೀರು ಬಂತು, ಪಕ್ಕದವರು ನನ್ನನ್ನು ಎದುರು ಪಕ್ಷದ ಹುಡುಗನ ಅಪ್ಪ ಎಂದು ತಿಳಿದು ಸಮಾಧಾನ ಹೇಳಿದರು.

ಹಿಂತಿರುಗುವ ಬಸ್ಸಿನಲ್ಲಿ, ಆ ಕೈಮುಗಿದದ್ದು ನನ್ನ ಪಾಠ ಎಂಬುದನ್ನು ನೆನಪಿಸಿದೆ. ಅವಳು ಒಪ್ಪಿದಳು. "ಆದ್ರೂ ಮನೇಲಿ ಅಷ್ಟು ಹೆದರ್ತಿದ್ದವ್ಳು ಅಲ್ಲಿ ಹೆಂಗೆ ಮಾತಾಡಿದೆ?" ಎಂದು ಕೇಳಿದೆ.

"ಅವ್ರು ಪ್ರಶ್ನೆ ಕೇಳಿ, ನಾನು ಉತ್ತರ ಹೇಳಿ ಮುಗಿಸೋವರ್ಗೂ ಸುಮ್ನೆ ಕೇಳಿಸ್ಕೊಂಡ್ರಲ್ಲ" ಎಂದಳು ಜಯಶ್ರೀ. "ನಂಗೆ ಅದು ಅಭ್ಯಾಸನೇ ಇರ್ಲಿಲ್ಲ. ಒಂಥರಾ ಖುಷಿ ಆಯ್ತು."

ಇದು ನನ್ನ ಮೇಲಿನ ಆರೋಪ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಮನೆಯಲ್ಲಿ ನಾನು ಎಷ್ಟು ತಾಳ್ಮೆಯಿಂದ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತೇನೆ ಎಂಬುದನ್ನು ಅಲ್ಲೇ ಉದಾಹರಣೆಗಳ ಸಮೇತ ವಿವರಿಸತೊಡಗಿದೆ. ಆನಂದಪುರ ದಾಟುವವರೆಗೂ ವಿವರಿಸಿದೆ. ಎದುರು ಪಕ್ಷದಿಂದ ಒಂದು ಆಕ್ಷೇಪವೂ ಬರಲಿಲ್ಲವಲ್ಲ ಎಂದು ಹಿಗ್ಗಿ ತಿರುಗಿ ನೋಡಿದರೆ, ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.