ಫೋನ್ ನಂಬರ್ ಇಲ್ಲದ ನೆಂಟರು

ಆಫೀಸಿನಲ್ಲಿ ಮೂರು ದಿನ ಡೇಟಾಬೇಸ್ ತರಬೇತಿ ಪಡೆದು ಪ್ರಮಾಣಪತ್ರವನ್ನೂ ಗಿಟ್ಟಿಸಿಕೊಂಡಿದ್ದ ನನಗೆ, ಮಗಳ ಮದುವೆಯ ನೆಂಟರ ಪಟ್ಟಿ ಯಾವ ಮಹಾ ಕೆಲಸ! ಹೆಂಡತಿ ಪುಷ್ಪ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಇಳಿಸಿದೆ. ಒಂದು ಪಟ್ಟಿಯಲ್ಲಿ ಮನೆಗಳು, ಇನ್ನೊಂದರಲ್ಲಿ ಆ ಮನೆಗಳ ಜನ. ಮನೆ ಅಳಿಸಿದರೆ ಅದರ ಜನವೂ ತಾವಾಗಿ ಅಳಿಸಿಹೋಗುವಂತೆ ಎರಡಕ್ಕೂ ಗಂಟು ಹಾಕಿದೆ. ಆ ಗಂಟಿನ ಬಗ್ಗೆ ನನಗೆ ಬಹಳ ಹೆಮ್ಮೆ. ನೋಟ್‌ಬುಕ್ಕನ್ನು ಹಳೇ ಪೇಪರಿನವನಿಗೆ ಕೊಟ್ಟುಬಿಟ್ಟೆ.

ಮೊದಲು ಶುದ್ಧೀಕರಣ. ತರಬೇತಿ ಪಡೆದವರು ಮೌಸ್ ಹಿಡಿಯುವುದಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪಿಸುತ್ತಾರೆ. ನೋಡಿದರೆ ಹನ್ನೊಂದು ಮನೆಗಳಿಗೆ ಫೋನ್ ನಂಬರೇ ಇಲ್ಲ! ಅರೆಬರೆ ಮಾಹಿತಿ ಕಸಕ್ಕೆ ಸಮ ಎಂದು ಮೇಷ್ಟ್ರು ಹೇಳಿದ್ದರು. ನಂಬರ್ ಇಲ್ಲದ ಮನೆಗಳನ್ನೆಲ್ಲ ಅಳಿಸು ಎಂದು ಟೈಪಿಸಿ ಎಂಟರ್ ಒತ್ತಿದೆ. ಹನ್ನೊಂದೂ ಮಾಯ. ಪುಷ್ಪ ಒಣಗಿದ ಕರಿಬೇವು ಎಸೆಯುವಾಗಲೂ ಎರಡು ಸಲ ಕೇಳುತ್ತಾಳೆ, ಕಂಪ್ಯೂಟರ್ ಒಂದು ಸಲವೂ ಕೇಳಲಿಲ್ಲ.

ಆಮೇಲೆ ಗುಬ್ಬಿ, ಕುಣಿಗಲ್ ಎಂದು ಪಟ್ಟಿಯಲ್ಲಿ ಉಳಿದವರಿಗೆಲ್ಲ ಫೋನ್ ಮಾಡಿ ಕರೆದೆ. ಮೂರು ದಿನ ಬಿಟ್ಟು, ಅವರೇಕಾಯಿ ಸುಲಿಯುತ್ತಿದ್ದ ಪುಷ್ಪಳ ಮುಂದೆ ವಿಶ್ಲೇಷಣಾ ವರದಿ ಮಂಡಿಸಿದೆ.

“ಇನ್ನೂ ಕರೆಯಬೇಕಾದ ಮನೆಗಳು, ಸೊನ್ನೆ!”

“ಸೊನ್ನೆನಾ? ಹಾಗಲವಾಡಿ ಚಿಕ್ಕಮ್ಮ?”

“ಇಲ್ಲ.”

“ಊರ್ಡಿಗೆರೆ ಮಾವ?”

“ಆ ಊರೇ ಇಲ್ಲ.”

“ಮೊದಲ್ನೇ ಸಾಲಲ್ಲಿ ಮನೆದೇವ್ರನ್ನ ಬರ್ದಿದ್ನಲ್ರೀ!”

ದೇವರಿಗೂ ಫೋನ್ ನಂಬರ್ ಇರಲಿಲ್ಲ.

ಅವಳ ಕೈಯಲ್ಲಿದ್ದ ಅವರೇಕಾಯಿ ಹಾಗೇ ನಿಂತಿತು. “ನಂಬರ್ ಯಾಕ್ ಬರ್ದಿಲ್ಲ ಹೇಳಿ? ಫೋನಲ್ಲಿ ಕರೆಯೋ ಮನೆಗಳಲ್ಲ ಕಣ್ರೀ ಅವು. ನಾವೇ ಹೋಗಿ ಕುಂಕುಮ ಇಟ್ಟು ಕರೀಬೇಕು. ಅಮ್ಮ ಹೋದ್ಮೇಲೆ ನನ್ ತಲೆ ಬಾಚಿ ಸ್ಕೂಲಿಗೆ ಕಳ್ಸಿದ್ದು ಚಿಕ್ಕಮ್ಮ. ಊರಿಗೆಲ್ಲ ಫೋನ್ ಹೋಗಿ ಮೂರು ದಿನ ಆಯ್ತು. ಏನಂದ್ಕೊಂಡಿರ್ತಾಳೆ?”

“ವಾಪಸ್ ತರ್ಬೋದಿತ್ತು. ಆದ್ರೆ ನಕಲು ಇಟ್ಕೊಳ್ಳೋದನ್ನ ನಾಲ್ಕನೇ ದಿನ ಹೇಳ್ಕೊಡ್ತಾರಂತೆ,” ಎಂದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆವು. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಗುಬ್ಬಿ ದಾಟಿ ಹಾಗಲವಾಡಿ ತಲುಪಿದೆವು. ಚಿಕ್ಕಮ್ಮ ಜಗಲಿಯ ಮೇಲೆ ಕೂತಿದ್ದರು. ಹೋದವನೇ ಕಾಲಿಗೆ ಬಿದ್ದೆ.

“ಚಿಕ್ಕಮ್ಮ, ತಪ್ಪಾಯ್ತು. ನಾನೇ ನಿಮ್ಮನ್ನ ಡಿಲೀಟ್ ಮಾಡ್ಬಿಟ್ಟೆ!”

“ಅದೇನ್ ಮಾಡಿದ್ರೋ ಬುಡಿ ಅಳಿಯಂದಿರೇ,” ಎಂದರು. “ಊರೋರ್ಗೆಲ್ಲ ಫೋನ್ ಬಂತು, ನಂಗೆ ಬರ್ಲಿಲ್ಲ. ಸರಿ, ನಮ್ ಪುಷ್ಪ ಮನೆಗೇ ಬತ್ತವ್ಳೆ ಅಂತ ಮೂರ್ ದಿನದಿಂದ ಒಂದ್ ಪಾವು ಅಕ್ಕಿ ಜಾಸ್ತಿನೇ ಹಾಕ್ತಿದೀನಿ. ನಂಗೂ ಫೋನ್ ಬಂದಿದ್ರೆ ಅತ್ಬುಡ್ತಿದ್ದೆ ಕಣೇ!”

ಪುಷ್ಪ ಅವರನ್ನು ತಬ್ಬಿಕೊಂಡು ಅತ್ತಳು. ನನಗೂ ಅಳು ಬಂತು. ಅಳುತ್ತಲೇ ಆ ಜಾಸ್ತಿ ಅಕ್ಕಿಯ ಅನ್ನವನ್ನೆಲ್ಲ ಉಂಡು ಮುಗಿಸಿದೆ.

ಊಟವಾದ ಮೇಲೆ ಇಬ್ಬರೂ ಬಾಯಲ್ಲೇ ಮನೆಗಳನ್ನು ಹೇಳುತ್ತ ಹೋದರು. ನಾನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ಮನೆದೇವರಿಂದ ಶುರುವಾಗಿ ಹತ್ತಾದವು.

“ಹನ್ನೊಂದನೇದು ಯಾವ್ದು?”

ಪುಷ್ಪಳಿಗೆ ನಗು ತಡೆಯಲಾಗಲಿಲ್ಲ. “ನಮ್ಮನೆ ಕಣ್ರೀ! ಊಟದ ಎಣಿಕೆಗೆ ನಮ್ಮನ್ನೂ ಸೇರ್ಸಿದ್ದೆ. ನಮ್ ನಂಬರ್ ನಾನ್ಯಾಕೆ ಬರ್ಕೊಳ್ಲಿ?”

ಟೈಪಿಸಿದವನೂ ನಾನೇ, ಅಳಿಸಿದವನೂ ನಾನೇ. ನನ್ನ ಹೆಮ್ಮೆಯ ಗಂಟು ಮನೆಯ ಜೊತೆಗೆ ಮದುಮಗಳನ್ನೂ ಅವಳ ಅಪ್ಪ ಅಮ್ಮನನ್ನೂ ಎಳೆದುಕೊಂಡು ಹೋಗಿತ್ತು!

ಚಿಕ್ಕಮ್ಮ ಎದ್ದು ಒಳಗಿಂದ ಕುಂಕುಮದ ಬಟ್ಟಲು ತಂದರು. ನನ್ನ ಹಣೆಗೆ ಇಟ್ಟು, “ಪುಷ್ಪನ ಮಗಳ ಮದ್ವೆ. ತಪ್ಪಿಸ್ದೆ ಬರ್ಬೇಕು ಅಳಿಯಂದಿರೇ,” ಎಂದರು.

ಬರುತ್ತೇನೆ ಎಂದು ಒಪ್ಪಿಕೊಂಡೆ.