ಪೆಟ್ಟು ಬೇಡದ ಟಿ.ವಿ.

ನಮ್ಮ ಮನೆಯ ಹೊಸ ಟಿ.ವಿ.ಯೊಳಗೆ ದಯಮಾಡಿಸಿರುವ ಮಾನ್ಯ ಐ.ಸಿ. ಮಹಾಶಯರೇ,

ಹೊಸನಗರದ ಬಸ್ ಸ್ಟ್ಯಾಂಡ್ ಹಿಂದಿನ ಕೇರಿಯ ವಾಸಪ್ಪನ ನಮಸ್ಕಾರಗಳು. ತಾವು ಬಂದು ಆರು ತಿಂಗಳಾಯಿತು, ಒಂದು ದಿನವಾದರೂ ಕೆಟ್ಟಿಲ್ಲ. ಇದಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ.

ತಮಗಿಂತ ಮುಂಚೆ ಇದ್ದದ್ದು ಶಿವಮೊಗ್ಗದಿಂದ ತಂದ, ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳಿದ್ದ ಹಳೆಯ ಸೆಟ್ಟು. ಹಾಲು ಕಾಯುವಷ್ಟು ಹೊತ್ತು ಕಾಯಿಸಿ ಮುಖ ತೋರಿಸುತ್ತಿದ್ದ ಅದು, ಭಾನುವಾರದ ಸಿನಿಮಾದಲ್ಲಿ ನಾಯಕಿ ಅಳತೊಡಗಿದಳೆಂದರೆ ಚಿತ್ರವನ್ನು ಮೇಲಿಂದ ಕೆಳಕ್ಕೆ ಓಡಿಸುತ್ತಿತ್ತು. ಕೂಡಲೇ ಕೇರಿಗೆ ಕೇರಿಯೇ "ದುಗ್ಗಮ್ಮಾ, ಬೇಗ ಬನ್ನಿ, ಓಡ್ತಾ ಇದೆ!" ಎಂದು ಕೂಗುತ್ತಿತ್ತು. ನನ್ನ ತಾಯಿ ದುಗ್ಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ಹೇಳುವ ಅದೇ ಕೈಯಿಂದ ಪೆಟ್ಟಿಗೆಯ ಎಡಮಗ್ಗುಲಿಗೆ ಒಂದು ಕೊಟ್ಟರೆ, ಚಿತ್ರ ತೆಪ್ಪಗೆ ನಿಲ್ಲುತ್ತಿತ್ತು. ನಾನೂ ಹೊಡೆದು ನೋಡಿದ್ದೇನೆ, ಕೈ ನೋವು ಬಂತೇ ಹೊರತು ಚಿತ್ರ ಬರಲಿಲ್ಲ. "ಹೊಡಿಯೋದಲ್ಲ ಮಾರಾಯ, ತಟ್ಟೋದು" ಎಂದು ನಕ್ಕು ಅಮ್ಮ ಎಲ್ಲರಿಗಿಂತ ಮುಂದೆ ಕೂರುತ್ತಿದ್ದರು.

ಈಗ ನೋಡಿ. ತಾವು ಬಂದ ದಿನ ಟಿ.ವಿ. ಜೋಡಿಸಿಕೊಟ್ಟ ರಿಪೇರಿಯ ಜಯಪ್ಪ ಪೆಟ್ಟಿಗೆಯ ಹಿಂಬದಿ ಬಿಚ್ಚಿ, "ಇದೇ ಐ.ಸಿ., ಚಿಪ್ಪು ಅಂತಾರಲ್ಲ ಅದು" ಎಂದು ತಮ್ಮ ದರ್ಶನ ಮಾಡಿಸಿದ. ಎರಡೂ ಕಡೆ ಕಾಲು ಚಾಚಿದ ಕರಿ ಹುಳದಷ್ಟಿರುವ ತಾವು ಅಷ್ಟೂ ವಾಲ್ವುಗಳ ಕೆಲಸವನ್ನು ದಣಿವಿಲ್ಲದೆ ಮಾಡುತ್ತೀರಂತೆ. ನಮಗೆ ಸಿಗುವುದು ಒಂದೇ ಸ್ಟೇಷನ್ನಾದರೂ, ಅದು ಒಂದನೆಯದೆಂದು ಕೆಂಪು ಅಂಕಿಯಲ್ಲಿ ದಿನವೂ ತಪ್ಪದೆ ತಿಳಿಸುತ್ತೀರಿ. ಎಂಥ ಶ್ರದ್ಧೆ! ಆದರೆ ಜಯಪ್ಪ ಹೊರಡುವಾಗ, "ಇದಕ್ಕೆ ಮಾತ್ರ ಯಾರೂ ಹೊಡೀಬೇಡಿ" ಎಂದು ಅಮ್ಮನನ್ನೇ ನೋಡಿ ಹೇಳಿದ. ಅಂದಿನಿಂದ ಅವರನ್ನು ಯಾರೂ ಕರೆದಿಲ್ಲ, ಕರೆಯದೆ ಬರುವ ಜಾಯಮಾನ ಅವರದಲ್ಲ. ಜಗಲಿ ತುಂಬ ಜನ ಕೂತಿರುವಾಗ ಅಮ್ಮ ಒಲೆಯ ಮುಂದೆ ಕೂತು ಸಿನಿಮಾದ ಸದ್ದಿಗೆ ಕಿವಿಗೊಡುತ್ತಾರೆ. ನನ್ನಿಂದ ಅದನ್ನು ನೋಡಲಾಗುವುದಿಲ್ಲ, ಸ್ವಾಮಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಪ್ರತಿ ಭಾನುವಾರ ಸ್ವಲ್ಪ ಕೆಡಬೇಕೆಂದು ಬೇಡಿಕೊಳ್ಳುತ್ತೇನೆ. ಅಮ್ಮ ತಟ್ಟಿದೊಡನೆ ಸರಿಹೋಗಬೇಕು, ನಾನು ತಟ್ಟಿದರೆ ಸರಿಹೋಗಕೂಡದು. ಇಷ್ಟು ಬುದ್ಧಿವಂತರಿಗೆ ಕೈ ಯಾರದೆಂದು ತಿಳಿಯದೇ?

ತಾವು ಕೆಡುವುದನ್ನೇ ಕಾದಿರುವ
ತಮ್ಮ ವಿಶ್ವಾಸಿ,
ವಾಸಪ್ಪ

ತಾ.ಕ.: ತಮ್ಮ ನೆರವು ಇನ್ನು ಬೇಕಾಗಲಿಕ್ಕಿಲ್ಲ. ನಿನ್ನೆ ಸಂಜೆ, ಇನ್ನೂ ಬೆಳಕಿರುವಾಗಲೇ, ಸಿನಿಮಾದ ನಡುವೆ ಕರೆಂಟು ಹೋಗಿ ತಮ್ಮ ಮುಖ ಕಪ್ಪಿಟ್ಟಿತು. ಹಳೆಯ ಅಭ್ಯಾಸದಿಂದ ಯಾರೋ "ದುಗ್ಗಮ್ಮಾ!" ಎಂದರು. ಅಮ್ಮ ಓಡಿಬಂದು ತಟ್ಟಿದರು, ಚಿತ್ರ ಬಂತು. ಕರೆಂಟಿಲ್ಲದೆ ನಿಂತಿದ್ದ ಎದುರಿನ ಹಿಟ್ಟಿನ ಗಿರಣಿಯೂ ಅದೇ ಗಳಿಗೆಗೆ ಗುಡುಗುಡು ಶುರುವಾಯಿತು. ಕೇರಿಯವರು ಒಬ್ಬರೂ ತುಟಿ ಬಿಚ್ಚಲಿಲ್ಲ. ತಾವೂ ಬಿಚ್ಚಬೇಡಿ.